ರಿಮೋಟ್ ಡೆವಲಪರ್ ಕೆಲಸದ ಇಂಟರ್‌ವ್ಯೂ: ಮೊದಲ ಮೆಸೇಜ್‌ನಿಂದ ಆಫರ್ ತನಕ

ರಿಮೋಟ್ ಇಂಟರ್‌ವ್ಯೂ ಹೆಂಗಿರತ್ತೆ, ಎಷ್ಟು ರೌಂಡ್ ಇರತ್ತೆ, ಟೇಕ್‌ಹೋಮ್ (ಮನೇಲಿ ಮಾಡಿ ಕಳಿಸೋ ಅಸೈನ್‌ಮೆಂಟ್) ಕೊಟ್ರೆ ಮಾಡ್ಬೇಕಾ ಬಿಡ್ಬೇಕಾ, ಕೊನೇ ರೌಂಡ್ ಮುಗಿಸಿದ್ಮೇಲೆ ಸುದ್ದೀನೇ ಇಲ್ಲ ಏನ್ಮಾಡ್ಲಿ, ಇದೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾನೇ ಇವೆ, ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ. ಉದ್ದ ಇದೆ, ನಿಮಗೆ ಬೇಕಾದ ಹಂತಕ್ಕೆ ನೇರವಾಗಿ ಹೋದ್ರೂ ನಡೆಯತ್ತೆ.

ಶುರು ಮಾಡೋ ಮುಂಚೆ ಒಂದು ಮಾತು. ಕೋಡ್ ಬರೆಯೋಕೆ ಬರತ್ತಾ ಇಲ್ವಾ ಅಂತ ಎಲ್ಲಾ ಕಡೆನೂ ನೋಡ್ತಾರೆ. ರಿಮೋಟ್ ಕೆಲಸಕ್ಕೆ ಅದರ ಜೊತೆ ಇನ್ನೊಂದು ಸೇರ್ಕೊಳ್ಳತ್ತೆ: ನೀವು ಯಾರ ಕಣ್ಣಿಗೂ ಬೀಳದೇ ಕೂತಿರುವಾಗ ಏನು ಮಾಡ್ತಿದ್ದೀರಿ, ಎಲ್ಲಿ ಸಿಕ್ಕಾಕ್ಕೊಂಡಿದ್ದೀರಿ ಅನ್ನೋದು ಬೇರೆಯವರು ಕೇಳದೇನೇ ಅವರಿಗೆ ಗೊತ್ತಾಗೋ ಹಾಗೆ ಕೆಲಸ ಮಾಡ್ತೀರಾ? ಮೇಲ್‌ಗೆ ನೀವು ಬರೆಯೋ ಉತ್ತರ, ಅಸೈನ್‌ಮೆಂಟ್ ಜೊತೆ ಇಡೋ ರೀಡ್‌ಮೀ (ಕೋಡ್ ಬಗ್ಗೆ ವಿವರಿಸೋ ಫೈಲ್), ಕೋಡ್ ಟೈಪ್ ಮಾಡ್ತಾ ಆಡೋ ಮಾತು, ಎಲ್ಲದರಲ್ಲೂ ಅವರು ತೂಗೋದು ಇದನ್ನೇ. ಚೆನ್ನಾಗಿ ಕೋಡ್ ಬರೆಯೋರೂ ಎಷ್ಟೋ ಸಲ ರಿಜೆಕ್ಟ್ ಆಗೋದು ಇಲ್ಲೇ.

1. ‘ರಿಮೋಟ್’ ಅಂದ್ರೆ ಯಾವ ರಿಮೋಟ್ ಅಂತ ಮೊದಲು ತಿಳ್ಕೊಳ್ಳಿ

ಜಾಹೀರಾತಿನಲ್ಲಿ ರಿಮೋಟ್ ಅಂತ ಹಾಕಿರ್ತಾರೆ, ಒಳಗೆ ಹೋಗಿ ನೋಡಿದ್ರೆ ಒಂದೇ ದೇಶದೊಳಗೆ ಇರೋರಿಗೆ ಮಾತ್ರ ಅಂತಿರತ್ತೆ. ಇಲ್ಲಾಂದ್ರೆ ಎಲ್ಲಿಂದಾದ್ರೂ ಮಾಡಿ ಆದ್ರೆ ದಿನಕ್ಕೆ ನಾಲ್ಕು ಗಂಟೆ ನಮ್ಮ ಟೈಮ್‌ಗೆ ಸಿಗಬೇಕು ಅಂತಿರತ್ತೆ, ಇದನ್ನೇ ಓವರ್‌ಲ್ಯಾಪ್ ಅನ್ನೋದು. ಇನ್ನು ಕೆಲವು ಕಡೆ ಈಗ ರಿಮೋಟ್, ಆರು ತಿಂಗಳಾದ್ಮೇಲೆ ವಾರಕ್ಕೆ ಎರಡು ದಿನ ಆಫೀಸ್. ಇದನ್ನ ಮೊದಲನೇ ಮೇಲ್‌ನಲ್ಲೇ ಕೇಳಿ, ನಾಲ್ಕನೇ ರೌಂಡ್‌ನಲ್ಲಿ ಗೊತ್ತಾದ್ರೆ ಅಷ್ಟೂ ಶ್ರಮ ನೀರಲ್ಲಿ ಹೋಮ.

ಕಂಪನಿ ನಿಜವಾದದ್ದಾ ಅಂತಾನೂ ಇಲ್ಲೇ ನೋಡ್ಕೊಂಡುಬಿಡಿ. ರಿಕ್ರೂಟರ್ ಮೇಲ್ ಕಂಪನಿಯ ಸ್ವಂತ ಡೊಮೇನ್‌ನಿಂದ ಬಂದಿದೆಯಾ, ಅಕ್ಷರ ಏನಾದ್ರೂ ಆಚೀಚೆ ಆಗಿದೆಯಾ, ಅದೇ ಹುದ್ದೆ ಕಂಪನಿಯ ಸ್ವಂತ ಕರಿಯರ್ಸ್ ಪೇಜ್‌ನಲ್ಲಿ ಇದೆಯಾ. ಮಾತುಕತೆ ಎಲ್ಲಾ ಟೆಲಿಗ್ರಾಮ್‌ನಲ್ಲೇ ನಡೀಬೇಕು ಅಂದ್ರೆ, ಇಂಟರ್‌ವ್ಯೂನೇ ಇಲ್ಲದೆ ಆಫರ್ ಬಂದ್ರೆ, ಲ್ಯಾಪ್‌ಟಾಪ್‌ಗೆ ಅಥವಾ ಟ್ರೈನಿಂಗ್‌ಗೆ ಮೊದಲು ನೀವು ದುಡ್ಡು ಕಟ್ಟಿ ಅಂದ್ರೆ, ಅಲ್ಲಿಗೇ ಬಿಟ್ಟುಬಿಡಿ. ಚೆಕ್ ಕಳಿಸ್ತೀವಿ, ಅದರಲ್ಲಿ ಇಂಥ ಅಂಗಡೀಲಿ ಸಾಮಾನು ತಗೊಂಡು ಉಳಿದಿದ್ದು ವಾಪಸ್ ಕಳಿಸಿ ಅನ್ನೋದು ಹಳೇ ಮೋಸ. ಆ ಚೆಕ್ ಆಮೇಲೆ ಬೌನ್ಸ್ ಆಗತ್ತೆ, ನೀವು ಕಳಿಸಿದ ದುಡ್ಡು ಮಾತ್ರ ನಿಜದ್ದು.

2. ಟೈಮ್ ಝೋನ್

ಚಿಕ್ಕ ವಿಷಯ ಅನ್ಸತ್ತೆ, ಆದ್ರೆ ಇಂಟರ್‌ವ್ಯೂ ಶುರುವಾಗೋ ಮುಂಚೆನೇ ಮುಗಿದುಹೋಗೋದು ಇದರಿಂದಾನೇ. ಮೂರಕ್ಷರದ ಹೆಸರುಗಳನ್ನ ನಂಬಬೇಡಿ. ಐಎಸ್‌ಟಿ ಅಂದ್ರೆ ಇಂಡಿಯಾದ್ದೂ ಆಗಬಹುದು, ಐರ್ಲೆಂಡ್‌ದೂ ಆಗಬಹುದು, ಇಸ್ರೇಲ್‌ದೂ ಆಗಬಹುದು. ಸಿಎಸ್‌ಟಿ ಅಂದ್ರೆ ಅಮೆರಿಕದ ಸೆಂಟ್ರಲ್ ಟೈಮೂ ಹೌದು ಚೀನಾ ಟೈಮೂ ಹೌದು. ನೀವು ಬರೆಯೋವಾಗ ಯುಟಿಸಿ ಲೆಕ್ಕದಲ್ಲಿ ಬರೀರಿ, ಯುಟಿಸಿ ಅಂದ್ರೆ ಎಲ್ಲಾ ದೇಶದ ಗಡಿಯಾರಗಳಿಗೂ ಆಧಾರವಾಗಿರೋ ಸಮಯ. ‘ಮಂಗಳವಾರ 14:00 ಯುಟಿಸಿ, ಅಂದ್ರೆ ನಿಮ್ಮ ಕಡೆ ಬೆಳಿಗ್ಗೆ ಇಷ್ಟು, ನನ್ನ ಕಡೆ ಇಷ್ಟು, ಸರಿನಾ?’ ಅಂತ ಒಂದು ಲೈನ್ ಸಾಕು.

ಇನ್ನೊಂದು ಬಲೆ ಮಾರ್ಚ್ ಮತ್ತೆ ಅಕ್ಟೋಬರ್-ನವೆಂಬರ್‌ನಲ್ಲಿ ಇರತ್ತೆ. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕೋ ಪದ್ಧತಿ ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಶುರುವಾದ್ರೆ ಯುರೋಪ್‌ನಲ್ಲಿ ಕೊನೇ ಭಾನುವಾರ. ವಾಪಸ್ ಹಾಕೋದು ಯುರೋಪ್‌ನಲ್ಲಿ ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಈ ನಡುವಿನ ವಾರಗಳಲ್ಲಿ ನೀವು ಬಾಯಿಪಾಠ ಮಾಡಿಕೊಂಡಿರೋ ವ್ಯತ್ಯಾಸ ತಪ್ಪಿರತ್ತೆ. ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಏನಿದೆಯೋ ಅದನ್ನೇ ನಂಬಿ.

3. ಮಷೀನು, ಮೈಕು, ಇಂಟರ್ನೆಟ್ಟು

ಎಲ್ಲಕ್ಕಿಂತ ಮುಖ್ಯ ಧ್ವನಿ. ವಿಡಿಯೊ ಮಸುಕಾದ್ರೆ ಸಹಿಸ್ಕೋತಾರೆ, ಮಾತು ಕಡಿದು ಕಡಿದು ಬಂದ್ರೆ ಹತ್ತು ನಿಮಿಷದಲ್ಲಿ ಕೇಳೋರಿಗೆ ಸುಸ್ತಾಗತ್ತೆ. ತಂತಿ ಇರೋ ಸಾದಾ ಇಯರ್‌ಫೋನ್ ಸಾಕು, ಬ್ಲೂಟೂತ್ ಆದ್ರೆ ಚಾರ್ಜ್ ನೋಡ್ಕೊಳ್ಳಿ. ಫೋನ್ ಹಾಟ್‌ಸ್ಪಾಟ್ ರೆಡಿ ಇಟ್ಕೊಳ್ಳಿ, ಬರೀ ಇದೆ ಅಂತಲ್ಲ, ಲ್ಯಾಪ್‌ಟಾಪ್ ಒಂದ್ಸಲ ಅದಕ್ಕೆ ಕನೆಕ್ಟ್ ಆಗಿರಬೇಕು, ಪಾಸ್‌ವರ್ಡ್ ಹುಡುಕೋ ಟೈಮ್ ಆಗ ಇರಲ್ಲ.

ಮ್ಯಾಕ್ ಇರೋರು ಇದನ್ನ ತಪ್ಪದೇ ಓದಿ. 2019ರಲ್ಲಿ ಬಂದ ಕ್ಯಾಟಲೀನಾ ವರ್ಷನ್‌ನಿಂದ ಸ್ಕ್ರೀನ್ ಶೇರ್ ಮಾಡೋಕೆ ಪ್ರತಿ ಆ್ಯಪ್‌ಗೂ ಬೇರೆ ಅನುಮತಿ ಕೊಡಬೇಕು, ಬ್ರೌಸರ್‌ನಿಂದ ಮಾಡೋದಾದ್ರೆ ಬ್ರೌಸರ್‌ಗೆ, ಝೂಮ್ ಆದ್ರೆ ಝೂಮ್‌ಗೆ. ಅನುಮತಿ ಕೊಟ್ಟಮೇಲೆ ಆ್ಯಪ್ ಮುಚ್ಚಿ ಮತ್ತೆ ತೆಗಿ ಅನ್ನತ್ತೆ, ಅಂದ್ರೆ ಕಾಲ್‌ನಿಂದ ಹೊರಗೆ! ಇಂಟರ್‌ವ್ಯೂ ಮಾಡೋರು ‘ಸ್ಕ್ರೀನ್ ಶೇರ್ ಮಾಡಿ’ ಅಂದಾಗ ಇದು ಬಂದ್ರೆ ಮೊದಲ ಐದು ನಿಮಿಷ ಹೋಯ್ತು. ಹಿಂದಿನ ದಿನ ಫ್ರೆಂಡ್ ಒಬ್ಬರ ಜೊತೆ ಅದೇ ಆ್ಯಪ್‌ನಲ್ಲಿ ಒಂದು ಕಾಲ್ ಮಾಡಿ, ಶೇರ್ ಮಾಡಿ, ಅಕ್ಷರ ಓದೋಕೆ ಆಗತ್ತಾ ಕೇಳಿ, ಎಡಿಟರ್ ಫಾಂಟ್ ಎರಡು ಸೈಜ್ ದೊಡ್ಡದು ಮಾಡಿ. ನೋಟಿಫಿಕೇಷನ್ ಆಫ್ ಮಾಡಿ, ಮನೇ ಗ್ರೂಪ್‌ನ ಮೆಸೇಜ್‌ಗಳು ಅವರಿಗೆ ಕಾಣೋದು ಬೇಡ.

ಕ್ಯಾಮೆರಾ ಆನ್ ಮಾಡಿ, ಬ್ಯಾಕ್‌ಗ್ರೌಂಡ್ ಬ್ಲರ್ ತೆಗೀರಿ, ಐಡಿ ಕಾರ್ಡ್ ತೋರಿಸಿ ಅಂತ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ. ಕದ್ದ ಗುರುತು ಮತ್ತೆ ಡೀಪ್‌ಫೇಕ್ ಬಳಸಿ, ಅಂದ್ರೆ ಕಂಪ್ಯೂಟರ್‌ನಲ್ಲಿ ಬೇರೆಯವರ ಮುಖ ಧ್ವನಿ ಹಾಕ್ಕೊಂಡು ರಿಮೋಟ್ ಕೆಲಸಕ್ಕೆ ಅರ್ಜಿ ಹಾಕೋರಿದ್ದಾರೆ ಅಂತ ಅಮೆರಿಕದ ಎಫ್‌ಬಿಐ 2022ರ ಜೂನ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆದ್ರೆ ಮುಖ ತೋರಿಸೋದು ಬೇರೆ, ಐಡಿ ಕಾರ್ಡಿನ ಕಾಪಿ ಕಳಿಸೋದು ಬೇರೆ. ಕಾಪಿ ಮತ್ತೆ ಬ್ಯಾಂಕ್ ವಿವರ ಆಫರ್ ಬಂದಮೇಲಷ್ಟೇ.

4. ರಿಕ್ರೂಟರ್ ಕಾಲ್

ಅರ್ಧ ಗಂಟೆ ಇರತ್ತೆ, ಟೆಕ್ನಿಕಲ್ ಏನೂ ಕೇಳಲ್ಲ ಅಂತ ಸದರ ಮಾಡ್ಕೋಬೇಡಿ. ನಿಮ್ಮ ಬಗ್ಗೆ ಎರಡು ನಿಮಿಷದಲ್ಲಿ ಹೇಳೋಕೆ ಬರಬೇಕು: ಈಗ ಏನ್ ಕೆಲಸ, ಅದರಲ್ಲಿ ನಿಮ್ಮ ಕೈಯಾರೆ ಮಾಡಿದ್ದೇನು, ಯಾಕೆ ಬದಲಾಯಿಸ್ತಿದ್ದೀರಿ. ಹುಟ್ಟಿದಲ್ಲಿಂದ ಶುರು ಮಾಡಬೇಡಿ.

ಸಂಬಳ ಎಷ್ಟು ಬೇಕು ಅಂತ ಇಲ್ಲೇ ಕೇಳ್ತಾರೆ. ವಾಪಸ್ ಕೇಳಿ: ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟಿಂದ ಎಷ್ಟರ ತನಕ, ಮತ್ತೆ ಅದು ನಾನಿರೋ ಜಾಗದ ಮೇಲೆ ಬದಲಾಗತ್ತಾ? ಈ ಎರಡನೇ ಪ್ರಶ್ನೆ ರಿಮೋಟ್‌ನಲ್ಲಿ ಬಿಡಲೇಬಾರದು, ಯಾಕಂದ್ರೆ ಒಂದೇ ಕೆಲಸಕ್ಕೆ ಊರು ನೋಡಿ ಸಂಬಳ ಕೊಡೋ ಕಂಪನಿಗಳೂ ಇವೆ ಎಲ್ಲರಿಗೂ ಒಂದೇ ಕೊಡೋ ಕಂಪನಿಗಳೂ ಇವೆ. ಗಿಟ್‌ಲ್ಯಾಬ್ ಅನ್ನೋ ಸಾಫ್ಟ್‌ವೇರ್ ಕಂಪನಿ ತನ್ನ ಕೆಲಸದ ರೀತಿ ನೀತಿ ಎಲ್ಲಾ ಹ್ಯಾಂಡ್‌ಬುಕ್ ಅಂತ ಮಾಡಿ ಎಲ್ಲರೂ ಓದೋ ಹಾಗೆ ಇಟ್ಟಿದೆ, ಪೂರ್ತಿ ರಿಮೋಟ್ ಕಂಪನಿ ಒಳಗಿಂದ ಹೆಂಗೆ ಯೋಚಿಸತ್ತೆ ಅಂತ ನೋಡೋಕೆ ಅಲ್ಲಿ ಅರ್ಜಿ ಹಾಕದೇ ಇದ್ರೂ ಒಂದ್ಸಲ ಓದಿ.

ಒಟ್ಟು ಎಷ್ಟು ರೌಂಡ್, ಯಾವ್ಯಾವುದು, ಎಷ್ಟು ವಾರ ಹಿಡಿಯತ್ತೆ, ಎಐ ಟೂಲ್ ಬಳಸಬಹುದಾ? ಇವನ್ನೂ ಕೇಳಿ, ಕಾಲ್ ಆದ್ಮೇಲೆ ಉತ್ತರಗಳನ್ನ ಮೇಲ್‌ನಲ್ಲಿ ಬರೆದು ‘ನಾನು ಹೀಗೆ ಅರ್ಥ ಮಾಡ್ಕೊಂಡಿದ್ದೀನಿ’ ಅಂತ ಕಳಿಸಿ. ಇದರಿಂದ ನಿಮಗೂ ದಾಖಲೆ ಆಯ್ತು, ಅವರಿಗೂ ನೀವು ಬರೆದು ಕೆಲಸ ಮಾಡೋರು ಅಂತ ಗೊತ್ತಾಯ್ತು.

5. ಆನ್‌ಲೈನ್ ಟೆಸ್ಟ್

ಹ್ಯಾಕರ್‌ರ‍್ಯಾಂಕ್, ಕೋಡ್‌ಸಿಗ್ನಲ್ ಥರದ ಸೈಟ್‌ಗಳಲ್ಲಿ ಟೈಮ್ ಇಟ್ಟು ಕೋಡ್ ಬರೆಸ್ತಾರೆ. ಬೇರೆ ಟ್ಯಾಬ್‌ಗೆ ಹೋದ್ರೆ, ಹೊರಗಿಂದ ಪೇಸ್ಟ್ ಮಾಡಿದ್ರೆ ರೆಕಾರ್ಡ್ ಆಗಬಹುದು, ಹಾಗಾಗಿ ಸ್ವಂತ ಎಡಿಟರ್‌ನಲ್ಲಿ ಬರೆದು ಪೇಸ್ಟ್ ಮಾಡೋ ಅಭ್ಯಾಸ ಇದ್ರೆ ಬಿಡಿ. ಅದೇ ಸೈಟ್‌ನ ಸ್ಯಾಂಪಲ್ ಟೆಸ್ಟ್ ಒಂದು ಮಾಡಿ, ಇನ್‌ಪುಟ್ ಹೆಂಗೆ ಓದಬೇಕು ಅಂತ ತಿಳ್ಕೊಂಡ್ರೆ ಅರ್ಧ ಗಾಬರಿ ಕಮ್ಮಿ.

6. ಟೇಕ್‌ಹೋಮ್

ಟೇಕ್‌ಹೋಮ್ ಅಂದ್ರೆ ಮನೇಲಿ ಕೂತು ಮಾಡಿ ಕಳಿಸೋ ಅಸೈನ್‌ಮೆಂಟ್. ಮಾಡ್ಬೇಕಾ ಬೇಡ್ವಾ? ನನ್ನ ಪ್ರಕಾರ ಮೂರು ನಾಲ್ಕು ಗಂಟೆ ಕೆಲಸ ಆದ್ರೆ ಮಾಡಿ, ಅದಕ್ಕಿಂತ ಜಾಸ್ತಿ ಆದ್ರೆ ದುಡ್ಡು ಕೊಡ್ತೀರಾ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸೋ ಆಟೊಮ್ಯಾಟಿಕ್ ಕಂಪನಿ ಇಂಟರ್‌ವ್ಯೂನ ಚಾಟ್‌ನಲ್ಲಿ ಬರವಣಿಗೆಯಲ್ಲೇ ನಡೆಸಿ, ಆಮೇಲೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಟ್ರಯಲ್ ಮಾಡಿಸೋದಕ್ಕೇ ಹೆಸರಾಗಿತ್ತು. ಅವರದ್ದೇ ಪ್ರಾಡಕ್ಟ್‌ನ ಒಂದು ಫೀಚರ್ ಪೂರ್ತಿ ಮಾಡಿ ಕೊಡಿ ಅಂತ ಬಿಟ್ಟಿ ಕೇಳಿದ್ರೆ ನನಗೆ ಅನುಮಾನ ಬರತ್ತೆ.

ಕೋಡ್ ರನ್ ಮಾಡೋ ಮುಂಚೆ ಎಚ್ಚರ. ರಿಕ್ರೂಟರ್ ವೇಷದಲ್ಲಿ ಬಂದು ‘ಈ ಪ್ರಾಜೆಕ್ಟ್ ಇಳಿಸ್ಕೊಂಡು ಬಗ್ ಸರಿ ಮಾಡಿ’ ಅಂತ ಕಳ್ಳ ಸಾಫ್ಟ್‌ವೇರ್ ಹಾಕಿಸೋ ಜಾಲವನ್ನ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕಂಪನಿಯ ಯುನಿಟ್ 42 ತಂಡ 2023ರ ನವೆಂಬರ್‌ನಲ್ಲಿ ‘ಕಂಟೇಜಿಯಸ್ ಇಂಟರ್‌ವ್ಯೂ’ ಅನ್ನೋ ಹೆಸರಲ್ಲಿ ಹೊರಗೆ ಹಾಕ್ತು, ಇದರ ಹಿಂದೆ ಇರೋರಿಗೆ ಉತ್ತರ ಕೊರಿಯಾ ನಂಟಿದೆ ಅಂತ ಅವರು ಹೇಳಿದ್ರು. ಎನ್‌ಪಿಎಂ ಇನ್‌ಸ್ಟಾಲ್ (ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್ ಇಳಿಸೋ ಕಮಾಂಡ್) ಅಂತ ಹೊಡೆದ ಕೂಡಲೇ ಪ್ಯಾಕೇಜ್‌ಗಳು ತಮ್ಮ ಸ್ಕ್ರಿಪ್ಟ್ ಓಡಿಸಬಹುದು, ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡ್, ಕ್ರಿಪ್ಟೊ ವಾಲೆಟ್ ಎಲ್ಲಾ ಹೋಗಬಹುದು. ಸ್ಕ್ರಿಪ್ಟ್ ಓಡದ ಹಾಗೆ ಇನ್‌ಸ್ಟಾಲ್ ಮಾಡಿದ್ರೂ ಪೂರ್ತಿ ಸೇಫ್ ಅಲ್ಲ, ಪ್ರಾಜೆಕ್ಟ್ ರನ್ ಮಾಡಿದಾಗ ಅದರ ಒಳಗಿನ ಕೋಡೇ ಕೆಲಸ ಕೆಡಿಸಬಹುದು. ವಿಎಸ್ ಕೋಡ್ ಎಡಿಟರ್ ‘ಈ ಫೋಲ್ಡರ್ ಮಾಡಿದವರನ್ನ ನಂಬ್ತೀರಾ’ ಅಂತ ಕೇಳಿದಾಗ ಓದದೇ ಹೌದು ಒತ್ತಬೇಡಿ. ಹೊರಗಿಂದ ಬಂದ ಪ್ರಾಜೆಕ್ಟ್‌ನ ವರ್ಚುವಲ್ ಮಷೀನ್‌ನಲ್ಲಿ ಮಾತ್ರ ತೆಗೀರಿ, ಅಂದ್ರೆ ನಿಮ್ಮ ಕಂಪ್ಯೂಟರ್ ಒಳಗೇ ಬೇರೆ ಮಾಡಿಟ್ಟಿರೋ ಇನ್ನೊಂದು ಕಂಪ್ಯೂಟರ್. ಈಗಿರೋ ಕಂಪನಿಯ ಲ್ಯಾಪ್‌ಟಾಪ್‌ನಲ್ಲಂತೂ ಮುಟ್ಟಲೇಬೇಡಿ. ‘ಬೇಗ ರನ್ ಮಾಡಿ, ಕಾಲ್‌ನಲ್ಲೇ ಇರ್ತೀವಿ’ ಅಂತ ಅವಸರ ಮಾಡಿದ್ರೆ ಇನ್ನೂ ಅನುಮಾನ ಪಡಿ.

ಈಗ ಅಸೈನ್‌ಮೆಂಟ್ ವಿಷಯ. ಓದೋರು ಮೊದಲು ತೆಗೆಯೋದು ರೀಡ್‌ಮೀ ಫೈಲ್. ಅದರಲ್ಲಿ ರನ್ ಮಾಡೋಕೆ ಬೇಕಾದ ಕಮಾಂಡ್‌ಗಳು ಇರಲಿ, ಹೊಸ ಫೋಲ್ಡರ್‌ನಲ್ಲಿ ಇಳಿಸಿ ಅದೇ ಕಮಾಂಡ್ ಹೊಡೆದು ನೋಡಿ, ನಿಮ್ಮ ಮಷೀನ್‌ನಲ್ಲಿ ಮಾತ್ರ ಓಡೋ ಕೋಡ್‌ಗೆ ಮಾರ್ಕ್ಸ್ ಇಲ್ಲ. ಆಮೇಲೆ ಪ್ರಶ್ನೆಯಲ್ಲಿ ಸ್ಪಷ್ಟ ಇಲ್ಲದ್ದನ್ನ ನೀವು ಏನಂತ ಊಹಿಸಿಕೊಂಡ್ರಿ, ಯಾವುದನ್ನ ಬೇಕಂತಲೇ ಬಿಟ್ರಿ ಯಾಕೆ, ಇನ್ನೊಂದು ದಿನ ಸಿಕ್ಕಿದ್ರೆ ಏನ್ ಮಾಡ್ತಿದ್ರಿ. ‘ಲಾಗಿನ್ ಹಾಕಿಲ್ಲ, ಪ್ರಶ್ನೆ ಸರ್ಚ್ ಬಗ್ಗೆ ಇದ್ದಿದ್ದರಿಂದ ಆ ಟೈಮ್‌ನ ಸರ್ಚ್‌ನ ಟೆಸ್ಟ್‌ಗಳಿಗೆ ಕೊಟ್ಟೆ’ ಅನ್ನೋ ಒಂದು ಲೈನ್ ಅರೆಬರೆ ಮಾಡಿದ ಲಾಗಿನ್‌ಗಿಂತ ಎಷ್ಟೋ ವಾಸಿ. ಕಮಿಟ್‌ಗಳು, ಅಂದ್ರೆ ಗಿಟ್ ಅನ್ನೋ ಟೂಲ್‌ನಲ್ಲಿ ಬದಲಾವಣೆಗಳನ್ನ ದಾಖಲಿಸೋ ಹಂತಗಳು, ಸಣ್ಣ ಸಣ್ಣದಾಗಿ ಇರಲಿ, ಎಲ್ಲಾ ಸೇರಿಸಿ ‘ಫೈನಲ್’ ಅಂತ ಒಂದೇ ಕಮಿಟ್ ಹಾಕಿದ್ರೆ ನೀವು ಹೆಂಗೆ ಯೋಚಿಸಿದ್ರಿ ಅನ್ನೋದು ಮುಚ್ಚಿಹೋಗತ್ತೆ. ಪಾಸ್‌ವರ್ಡ್, ಕೀ ಇರೋ ಎನ್ವ್ ಫೈಲ್ ಗಿಟ್‌ಗೆ ಹಾಕಿದ್ರೆ ಕೆಲವರು ಮುಂದೆ ನೋಡೋದೇ ಇಲ್ಲ. ಆಮೇಲೆ ಅಳಿಸಿದ್ರೂ ಹಿಸ್ಟರಿಯಲ್ಲಿ ಉಳಿದಿರತ್ತೆ, ನೆನಪಿರಲಿ.

ಮುಂದಿನ ರೌಂಡ್‌ನಲ್ಲಿ ಇದೇ ಕೋಡ್ ಇಟ್ಕೊಂಡು ‘ಈ ಲೈನ್ ಯಾಕೆ’ ಅಂತ ಕೇಳ್ತಾರೆ. ಎಐ ಬರೆದುಕೊಟ್ಟಿದ್ದು ಅರ್ಥ ಆಗದೇ ಹಾಗೇ ಕಳಿಸಿದ್ರೆ ಸಿಕ್ಕಿಬೀಳೋದು ಇಲ್ಲಿ.

7. ಲೈವ್ ಕೋಡಿಂಗ್

ಎಲ್ಲರಿಗೂ ಭಯ ಇರೋದು ಇದಕ್ಕೇ. ಕೋಡರ್‌ಪ್ಯಾಡ್ ಥರದ ಹಂಚಿಕೊಂಡ ಎಡಿಟರ್‌ನಲ್ಲಿ ನೀವು ಬರೀತೀರಿ, ಅವರು ನೋಡ್ತಿರ್ತಾರೆ. ಇಂಥ ಕೆಲವು ಟೂಲ್‌ಗಳಲ್ಲಿ ನೀವು ಟೈಪ್ ಮಾಡಿದ್ದು ಅಳಿಸಿದ್ದು ಎಲ್ಲಾ ಆಮೇಲೆ ವಿಡಿಯೊ ಥರ ಓಡಿಸಿ ನೋಡಬಹುದು.

ರೂಮ್‌ನಲ್ಲಿ ಎದುರು ಕೂತಿದ್ರೆ ನೀವು ಸುಮ್ಮನಿದ್ರೂ ಮುಖ ನೋಡಿ ‘ಯೋಚನೆ ಮಾಡ್ತಿದ್ದಾರೆ’ ಅಂತ ಗೊತ್ತಾಗತ್ತೆ. ಕಾಲ್‌ನಲ್ಲಿ ಹಾಗಲ್ಲ. ಒಂದು ನಿಮಿಷ ಸದ್ದಿಲ್ಲ ಅಂದ್ರೆ ನೆಟ್ ಹೋಯ್ತಾ, ಹುಡುಕ್ತಿದ್ದಾರಾ, ಏನೂ ಗೊತ್ತಿಲ್ವಾ, ಏನು ಬೇಕಾದ್ರೂ ಅಂದ್ಕೋಬಹುದು. ಹಾಗಂತ ಬಿಡದೇ ಮಾತಾಡ್ತಿರಬೇಕು ಅಂತ ಅಲ್ಲ, ‘ಒಂದು ನಿಮಿಷ ಸುಮ್ಮನೆ ಯೋಚನೆ ಮಾಡ್ತೀನಿ’ ಅಂತ ಹೇಳಿ ಸುಮ್ಮನಾದ್ರೆ ಯಾರೂ ಏನೂ ಅನ್ನಲ್ಲ.

ಉದಾಹರಣೆಗೆ ಪ್ರಶ್ನೆ ಇದು ಅಂತ ಇಟ್ಕೊಳ್ಳಿ: ಲಾಗ್ ಫೈಲ್ ಕೊಟ್ಟಿದ್ದೀವಿ, ಪ್ರತಿ ಯೂಸರ್‌ನ ಕೊನೇ ಲಾಗಿನ್ ಯಾವಾಗ ಅಂತ ಹುಡುಕಿ. ಕೂಡಲೇ ಲೂಪ್ ಬರೆಯೋಕೆ ಹೋಗಬೇಡಿ. ಮೊದಲು ಕೇಳಿ: ಫೈಲ್ ಮೆಮೊರಿಯಲ್ಲಿ ಹಿಡಿಯತ್ತಾ, ಇಲ್ಲಾ ಒಂದೊಂದೇ ಲೈನ್ ಓದಬೇಕಾ? ಲೈನ್‌ಗಳು ಸಮಯದ ಪ್ರಕಾರ ಸಾಲಾಗಿ ಇವೆಯಾ? ಎಲ್ಲಾ ಸಮಯನೂ ಒಂದೇ ಟೈಮ್ ಝೋನ್‌ನಲ್ಲಿ ಇದೆಯಾ? ಲೈನ್ ಅರ್ಧಕ್ಕೆ ಕಡಿದಿದ್ರೆ ಬಿಟ್ಟು ಮುಂದೆ ಹೋಗಲಾ, ಎರರ್ ಕೊಡಲಾ? ಉತ್ತರಗಳನ್ನ ಎಡಿಟರ್‌ನ ಮೇಲ್ಗಡೆ ಕಮೆಂಟ್ ಆಗಿ ಬರೆದಿಡಿ. ಆಮೇಲೆ ಹೇಳಿ: ಸಾಲಾಗಿದ್ರೆ ಯೂಸರ್ ಹೆಸರಿಗೆ ಕೊನೇಗೆ ಬಂದ ಸಮಯ ಬರೆದ್ರೆ ಸಾಕು, ಸಾಲಾಗಿಲ್ಲ ಅಂದ್ರೆ ಪ್ರತಿ ಸಲ ಹೋಲಿಸಿ ಆಮೇಲಿನದ್ದನ್ನ ಇಟ್ಕೋಬೇಕು, ನಾನು ಎರಡನೇದನ್ನೇ ಬರೀತೀನಿ ಯಾಕಂದ್ರೆ ಅದು ಎರಡೂ ಕಡೆ ಸರಿ ಬರತ್ತೆ. ಇಷ್ಟು ಆಗೋ ಹೊತ್ತಿಗೆ ಕೋಡ್ ಒಂದು ಲೈನೂ ಬರೆದಿಲ್ಲ, ಆದ್ರೆ ಅವರಿಗೆ ಬೇಕಾಗಿದ್ದು ಹೆಚ್ಚುಕಮ್ಮಿ ಸಿಕ್ಕಾಗಿದೆ. ಉಳಿದಿದ್ದು ಒಂದು ಡಿಕ್ಷನರಿ, ಒಂದು ಲೂಪ್, ಮತ್ತೆ ಕೈಯಲ್ಲೇ ಮಾಡಿದ ನಾಲ್ಕು ಲೈನ್ ಇನ್‌ಪುಟ್ ಹಾಕಿ ಓಡಿಸೋದು, ಅದರಲ್ಲಿ ಒಂದು ಲೈನ್ ಬೇಕಂತಲೇ ಹಾಳಾಗಿರಲಿ.

ಸಿಕ್ಕಾಕ್ಕೊಂಡ್ರೆ ‘ಗೊತ್ತಿಲ್ಲ’ ಅಂತ ನಿಲ್ಲಿಸಬೇಡಿ, ಎಲ್ಲಿ ನಿಂತಿದ್ದೀನಿ, ಯಾವ ಎರಡು ದಾರಿ ಕಾಣ್ತಿದೆ ಅಂತ ಹೇಳಿ. ಫಂಕ್ಷನ್ ಹೆಸರು ಮರೆತುಹೋದ್ರೆ ಡಾಕ್ಯುಮೆಂಟೇಷನ್ ನೋಡಲಾ ಅಂತ ಕೇಳಿ, ಹೆಚ್ಚಿನವರು ನೋಡಿ ಅಂತಾರೆ. ಕೇಳದೇ ಇನ್ನೊಂದು ಸ್ಕ್ರೀನ್‌ನಲ್ಲಿ ನೋಡಿದ್ರೆ ಕಣ್ಣು ಆಕಡೆ ಹೋಗೋದು ಅವರಿಗೆ ಚೆನ್ನಾಗೇ ಕಾಣತ್ತೆ. ಅವರ ಮಾತು ಮುಗಿದ ಮೇಲೆ ಒಂದು ಸೆಕೆಂಡ್ ಬಿಟ್ಟು ಶುರು ಮಾಡಿ, ಲೈನ್‌ನಲ್ಲಿ ಧ್ವನಿ ತಡವಾಗಿ ಬರತ್ತೆ, ಒಬ್ಬರ ಮೇಲೊಬ್ಬರು ಮಾತಾಡಿ ಆಮೇಲೆ ‘ನೀವು ಹೇಳಿ, ಇಲ್ಲ ನೀವು ಹೇಳಿ’ ಅನ್ನೋದು ತಪ್ಪತ್ತೆ. ಕನೆಕ್ಷನ್ ಕಡಿದುಹೋದ್ರೆ ಗಾಬರಿ ಬೇಡ, ರಿಕ್ರೂಟರ್‌ಗೆ ಕೂಡಲೇ ಮೇಲ್ ಹಾಕಿ ವಾಪಸ್ ಸೇರ್ಕೊಳ್ಳಿ, ಎಲ್ಲರಿಗೂ ಆಗತ್ತೆ.

ಇತ್ತೀಚೆಗೆ ಎಐ ಬಳಸಿ ಕೋಡ್ ಬರೀರಿ ಅಂತಾನೇ ಹೇಳೋ ರೌಂಡ್‌ಗಳೂ ಬಂದಿವೆ, ಎಐ ಭಯಕ್ಕೆ ಕೊನೇದೊಂದು ರೌಂಡ್ ಎದುರಾಎದುರೇ ಮಾಡೋರೂ ಇದ್ದಾರೆ. ಅದಕ್ಕೇ ನಾಲ್ಕನೇ ಹಂತದಲ್ಲೇ ಕೇಳಿ, ಉತ್ತರ ಮೇಲ್‌ನಲ್ಲಿ ಬರೆದು ಕಳಿಸಿ ಅಂದಿದ್ದು.

8. ಸಿಸ್ಟಮ್ ಡಿಸೈನ್

ದೊಡ್ಡ ಸಾಫ್ಟ್‌ವೇರ್‌ನ ಭಾಗಗಳನ್ನ ಹೆಂಗೆ ಜೋಡಿಸ್ತೀರಿ ಅಂತ ನೋಡೋ ರೌಂಡ್ ಇದು, ಅನುಭವ ಇರೋರಿಗೆ ಮಾತ್ರ ಸಾಮಾನ್ಯವಾಗಿ ಇರತ್ತೆ. ಎಕ್ಸ್‌ಕ್ಯಾಲಿಡ್ರಾ ಥರದ ಆನ್‌ಲೈನ್ ಬೋರ್ಡ್‌ನಲ್ಲಿ ಬಾಕ್ಸ್ ಎಳೆದು ಬಾಣ ಹಾಕೋದು ಒಂದ್ಸಲ ಅಭ್ಯಾಸ ಮಾಡಿ, ಇಲ್ಲಾಂದ್ರೆ ಮೌಸ್ ಜೊತೆ ಜಗಳ ಆಡೋದ್ರಲ್ಲೇ ಟೈಮ್ ಹೋಗತ್ತೆ. ಎಷ್ಟು ಯೂಸರ್, ಓದೋದು ಜಾಸ್ತಿನಾ ಬರೆಯೋದು ಜಾಸ್ತಿನಾ ಅಂತ ಕೇಳದೇ ಕಾಫ್ಕಾ, ಮೈಕ್ರೊಸರ್ವಿಸ್ ಅಂತ ದೊಡ್ಡ ದೊಡ್ಡ ಟೆಕ್ನಾಲಜಿ ಹೆಸರುಗಳಿಂದ ಶುರು ಮಾಡೋರು ಯಾರಿಗೂ ಇಷ್ಟ ಆಗಲ್ಲ.

9. ‘ನೀವು ಹೆಂಗೆ ಕೆಲಸ ಮಾಡ್ತೀರಿ’ ರೌಂಡ್

ಇದನ್ನ ಬಿಹೇವಿಯರಲ್ ರೌಂಡ್ ಅಂತಾರೆ. ಟೀಮ್‌ನವರೆಲ್ಲಾ ಮಲಗಿರೋ ಹೊತ್ತಲ್ಲಿ ನಿಮಗೆ ಕೆಲಸ ನಿಂತುಹೋದ್ರೆ ಏನ್ ಮಾಡ್ತೀರಿ? ಬರೀ ಟೆಕ್ಸ್ಟ್‌ನಲ್ಲಿ ಜಗಳ ಹತ್ತಿಕೊಂಡಿದ್ದು ನೆನಪಿದೆಯಾ, ಹೆಂಗೆ ಆರಿಸಿದ್ರಿ? ‘ನಾನು ತುಂಬಾ ಶಿಸ್ತಿನವನು’ ಅನ್ನೋದು ಉತ್ತರ ಅಲ್ಲ. ನಡೆದ ಒಂದು ವಿಷಯ ಹೇಳಿ: ಏನಾಗಿತ್ತು, ನಿಮ್ಮ ಜವಾಬ್ದಾರಿ ಏನಿತ್ತು, ನೀವು ಏನ್ ಮಾಡಿದ್ರಿ, ಕೊನೇಗೆ ಏನಾಯ್ತು. ಇಂಥವು ನಾಲ್ಕೈದು ಮೊದಲೇ ಬರೆದಿಟ್ಕೊಳ್ಳಿ, ಬೇರೆ ಬೇರೆ ಪ್ರಶ್ನೆಗೆ ಇವೇ ತಿರುಗಿಸಿ ಬಳಸಬಹುದು. ‘ನಾವು ಮಾಡಿದ್ವಿ’ ಅನ್ನೋದೇ ಎಲ್ಲಾ ಕಡೆ ಬಂದ್ರೆ ನೀವು ಮಾಡಿದ್ದು ಏನು ಅಂತ ತಿಳಿಯಲ್ಲ, ನಮ್ಮಲ್ಲಿ ಎಷ್ಟೋ ಜನಕ್ಕೆ ‘ನಾನು’ ಅನ್ನೋಕೆ ಸಂಕೋಚ, ಇಲ್ಲಿ ಅದು ಬೇಡ.

10. ನೀವು ಕೇಳೋ ಪ್ರಶ್ನೆಗಳು

ಕೊನೇ ಐದು ನಿಮಿಷ ನಿಮ್ಮದು. ‘ಕಲ್ಚರ್ ಹೆಂಗಿದೆ’ ಅಂತ ಕೇಳಿದ್ರೆ ‘ಸೂಪರ್’ ಅಂತಾರೆ, ಮುಗೀತು. ಹಿಡಿದು ಕೇಳಿ. ನಿನ್ನೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಎಷ್ಟು ಗಂಟೆ ಮೀಟಿಂಗ್ ಇತ್ತು? ಹೋದ ತಿಂಗಳು ತಗೊಂಡ ಒಂದು ಟೆಕ್ನಿಕಲ್ ನಿರ್ಧಾರ ಎಲ್ಲಿ ಬರೆದಿದೆ? ಟೀಮ್‌ನಲ್ಲಿ ಎಷ್ಟು ಜನ ರಿಮೋಟ್, ಮ್ಯಾನೇಜರ್ ಎಲ್ಲಿರ್ತಾರೆ? ಉಳಿದವರೆಲ್ಲಾ ಆಫೀಸ್‌ನಲ್ಲಿದ್ದು ನೀವೊಬ್ಬರೇ ಹೊರಗಿದ್ರೆ ಅರ್ಧ ಮಾತು ನಿಮ್ಮ ಕಿವಿಗೇ ಬೀಳಲ್ಲ. ಆನ್-ಕಾಲ್ ಇದೆಯಾ, ಅಂದ್ರೆ ರಾತ್ರಿ ಸರ್ವರ್ ಬಿದ್ರೆ ಎಬ್ಬಿಸ್ತಾರಾ, ಅದಕ್ಕೆ ಬೇರೆ ದುಡ್ಡು ಇದೆಯಾ? ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯೋ ಸಾಫ್ಟ್‌ವೇರ್ ಹಾಕ್ತೀರಾ? ಈ ಕೊನೇ ಪ್ರಶ್ನೆಗೆ ತಡವರಿಸಿದ್ರೆ ಹಾಕ್ತಾರೆ ಅಂತಾನೇ ಅಂದ್ಕೊಳ್ಳಿ.

11. ಆಫರ್, ಇಲ್ಲಾಂದ್ರೆ ಮೌನ

ಉತ್ತರಾನೇ ಕೊಡದೇ ಮಾಯ ಆಗೋದಕ್ಕೆ ಘೋಸ್ಟಿಂಗ್ ಅಂತಾರೆ, ರಿಮೋಟ್‌ನಲ್ಲಿ ಇದು ಜಾಸ್ತಿ ಅನ್ನೋದು ನನ್ನ ಅನಿಸಿಕೆ, ಒಂದು ಹುದ್ದೆಗೆ ಎಲ್ಲಾ ಕಡೆಯಿಂದ ಅರ್ಜಿ ಬರತ್ತಲ್ಲ. ಅವರು ಹೇಳಿದ ದಿನ ದಾಟಿ ಮೂರು ಕೆಲಸದ ದಿನ ಬಿಟ್ಟು ಒಂದು ಮೇಲ್, ಒಂದು ವಾರ ಬಿಟ್ಟು ಇನ್ನೊಂದು, ಅಲ್ಲಿಗೆ ಸಾಕು.

ಆಫರ್ ಬಂದ್ರೆ ಮೊದಲು ನೋಡೋದು ನೀವು ಉದ್ಯೋಗಿನಾ ಕಾಂಟ್ರಾಕ್ಟರ್ರಾ ಅಂತ. ಕಾಂಟ್ರಾಕ್ಟರ್ ಆದ್ರೆ ತೆರಿಗೆ, ಇನ್ಶೂರೆನ್ಸ್, ರಜೆ ಎಲ್ಲಾ ಸಾಮಾನ್ಯವಾಗಿ ನಿಮ್ಮ ತಲೆ ಮೇಲೆ, ಹಾಗಾಗಿ ದೊಡ್ಡದಾಗಿ ಕಾಣೋ ಮೊತ್ತದಿಂದ ಅದನ್ನೆಲ್ಲಾ ಕಳೆದು ಆಮೇಲೆ ಹೋಲಿಸಿ. ಕಂಪನಿಗೆ ನಿಮ್ಮ ದೇಶದಲ್ಲಿ ಆಫೀಸ್ ಇಲ್ಲದಿದ್ರೆ ಮಧ್ಯದಲ್ಲಿ ಇನ್ನೊಂದು ಸಂಸ್ಥೆ ಕಾಗದದ ಮೇಲೆ ನಿಮ್ಮ ಮಾಲೀಕರಾಗಿ ಸಂಬಳ ಕೊಡೋದುಂಟು, ಇದಕ್ಕೆ ಎಂಪ್ಲಾಯರ್ ಆಫ್ ರೆಕಾರ್ಡ್ ಅಂತಾರೆ, ಡೀಲ್, ರಿಮೋಟ್ ಅನ್ನೋ ಕಂಪನಿಗಳು ಇದೇ ಕೆಲಸ ಮಾಡೋದು. ಯಾವ ಕರೆನ್ಸಿಯಲ್ಲಿ ಕೊಡ್ತಾರೆ, ಬ್ಯಾಂಕ್ ಖರ್ಚು ಯಾರದ್ದು, ನೋಟಿಸ್ ಎಷ್ಟು ದಿನ, ನಿಮ್ಮ ಟೈಮ್‌ನಲ್ಲಿ ಬರೆದ ಸ್ವಂತ ಪ್ರಾಜೆಕ್ಟ್‌ನ ಹಕ್ಕೂ ಅವರಿಗೇ ಹೋಗತ್ತಾ, ಇಷ್ಟು ಕಾಂಟ್ರಾಕ್ಟ್‌ನಲ್ಲಿ ಹುಡುಕಿ ಓದಿ. ‘ಎಲ್ಲಿಂದ ಬೇಕಾದ್ರೂ ಕೆಲಸ ಮಾಡಬಹುದು’ ಅಂತ ಬಾಯಲ್ಲಿ ಹೇಳಿದ್ರೆ ಅದನ್ನೂ ಅದರಲ್ಲೇ ಬರೆಸಿ. ಎರಡೂ ಕಡೆ ಸಹಿ ಆಗಿ, ಬ್ಯಾಕ್‌ಗ್ರೌಂಡ್ ಚೆಕ್ ಏನಾದ್ರೂ ಬಾಕಿ ಇದ್ರೆ ಅದೂ ಮುಗಿಯೋ ತನಕ ಈಗಿರೋ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ನಡೀತಿರೋ ಬೇರೆ ಇಂಟರ್‌ವ್ಯೂಗಳನ್ನೂ ಬಿಡಬೇಡಿ.